ಬುಗ್ಗೆಯ ನೀರು, ಬೋರಿನ ನೀರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿಸಿನೀರಿನ ಬುಗ್ಗೆಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವು ತಮ್ಮ ಮನೆಯ ಬೋರ್‌ವೆಲ್ ಬಗ್ಗೆಯೇ ಇದ್ದವು. ಅವನ್ನೂ ಸೇರಿಸಿಕೊಂಡಿದ್ದೇವೆ. ಬುಗ್ಗೆಗೂ ಆಳದ ಬೋರಿಗೂ ನೆಂಟಸ್ತಿಕೆ ಹತ್ತಿರದ್ದು: ಕಲ್ಲಿನ ಬಿರುಕಿಗೆ ಇಳಿದ ಮಳೆನೀರು ಅಲ್ಲೇ ಬಹುಕಾಲ ಕೂತು, ಕಲ್ಲಿನಿಂದ ಒಂದಿಷ್ಟು ಕರಗಿಸಿಕೊಂಡು ಮೇಲೆ ಬರುತ್ತದೆ. ಒಂದು ತಾನಾಗಿ ಬರುತ್ತದೆ, ಇನ್ನೊಂದನ್ನು ಮೋಟಾರು ಎತ್ತಿ ತರುತ್ತದೆ.

ಪ್ರಶ್ನೆ: ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ ನೋಡಿಬಂದೆವು. ಜ್ವಾಲಾಮುಖಿಯೇ ಇಲ್ಲದ ಕಡೆ ನೀರು ಬಿಸಿಯಾಗುವುದು ಹೇಗೆ? ಬೆಂಗಳೂರಿನ ಸುತ್ತಮುತ್ತ ಇಂಥ ಬುಗ್ಗೆ ಯಾಕಿಲ್ಲ? (ಓದುಗರು, ಬಸವನಗುಡಿ)

ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲಿಯ ನೀರಿನ ಶಾಖ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜೊತೆಗೆ ಗಂಧಕದ ವಾಸನೆ. ಇದಕ್ಕೆ ಜ್ವಾಲಾಮುಖಿ ಬೇಕಿಲ್ಲ. ನೆಲದೊಳಗೆ ಇಳಿದಂತೆ ಕಲ್ಲು ತಾನಾಗಿಯೇ ಬಿಸಿಯಾಗುತ್ತ ಹೋಗುತ್ತದೆ. ಜಗತ್ತಿನ ಸರಾಸರಿ ಲೆಕ್ಕದಲ್ಲಿ ಒಂದು ಕಿಲೊಮೀಟರ್ ಇಳಿದರೆ 25ರಿಂದ 30 ಡಿಗ್ರಿ ಏರಿಕೆ. ದಕ್ಷಿಣ ಭಾರತದ ಹಳೆಯ, ಗಟ್ಟಿ ಕಲ್ಲಿನ ನೆಲದಲ್ಲಿ ಇದು ಇನ್ನೂ ಕಡಿಮೆ. ಮಳೆನೀರು ಬಿರುಕುಗಳಲ್ಲಿ ನಿಧಾನವಾಗಿ ಒಂದೆರಡು ಕಿಲೊಮೀಟರ್ ಇಳಿದು, ಅಲ್ಲಿಯ ಕಲ್ಲಿನ ಶಾಖ ಹೀರಿಕೊಂಡು, ಒಂದು ಅಗಲವಾದ ಬಿರುಕು ಸಿಕ್ಕಿದಾಗ ಬೇಗನೆ ಮೇಲೇರಿದರೆ ಬುಗ್ಗೆ. ಇಳಿಯುವುದು ನಿಧಾನ, ಏರುವುದು ಬೇಗ, ಗುಟ್ಟು ಇಷ್ಟೇ. ಏರುವ ದಾರಿ ಉದ್ದವಾಗಿದ್ದು ನೀರು ತೆವಳುತ್ತ ಬಂದರೆ, ಪಡೆದ ಶಾಖವನ್ನೆಲ್ಲ ಪಕ್ಕದ ಕಲ್ಲಿಗೆ ವಾಪಸು ಕೊಟ್ಟು ತಣ್ಣಗಾಗಿಯೇ ಹೊರಬರುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಆಳದ ನೀರನ್ನು ಇಷ್ಟು ಮೇಲಕ್ಕೆ ತಳ್ಳಬೇಕಾದರೆ ಅದಕ್ಕಿಂತ ಎತ್ತರದಿಂದ ಇಳಿದ ನೀರಿನ ಒತ್ತಡ ಹಿಂದೆ ಇರಬೇಕು. ಕೊಂಕಣದ ವಜ್ರೇಶ್ವರಿ, ಗಣೇಶಪುರಿಗಳ ಬುಗ್ಗೆಗಳು ಘಟ್ಟದ ಬುಡದಲ್ಲಿರುವುದನ್ನು ಗಮನಿಸಿ. ಇರ್ದೆಯೂ ಘಟ್ಟದ ಕೆಳಗಿನ ಊರೇ. ನೀರು ಬೀಳುವುದು ಎತ್ತರದಲ್ಲಿ, ಹೊರಬರುವುದು ತಗ್ಗಿನಲ್ಲಿ.

ಪ್ರಶ್ನೆ: ಯಲಹಂಕದ ಆಚೆ ನಮ್ಮ ಸೈಟಿನಲ್ಲಿ 1,250 ಅಡಿಗೆ ಬೋರ್ ಕೊರೆಸಿದೆವು. ಬೆಳಗಿನ ಜಾವ ನೀರು ಬೆಚ್ಚಗೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಇದೆ. ‘ಬಿಸಿನೀರಿನ ಬುಗ್ಗೆ ಸಿಕ್ಕಿದೆ, ಪುಣ್ಯ ಮಾಡಿದ್ದೀರಿ’ ಎನ್ನುತ್ತಾರೆ ಅಕ್ಕಪಕ್ಕದವರು. ನಿಜವೇ? (ಓದುಗರು, ಯಲಹಂಕ)

ಬುಗ್ಗೆ ಅಲ್ಲ. ಶಾಖವನ್ನೂ ವಾಸನೆಯನ್ನೂ ಬೇರೆ ಬೇರೆ ನೋಡಬೇಕು. ಎರಡಕ್ಕೂ ಸಂಬಂಧವೇ ಇಲ್ಲದಿರಬಹುದು.

ಮೊದಲು ಶಾಖ. ನಮ್ಮ ಭಾಗದ ಕಲ್ಲು ಎಷ್ಟು ಬಿಸಿ ಎಂಬುದಕ್ಕೆ ಪಕ್ಕದ ಕೋಲಾರದ ಚಿನ್ನದ ಗಣಿಯೇ ಅಳತೆಗೋಲು. ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಕಲ್ಲಿನ ಶಾಖ 65 ಡಿಗ್ರಿ ಮುಟ್ಟಿತ್ತು. ಮೇಲ್ಮಟ್ಟದ ನೆಲದ ಶಾಖ 26 ಎಂದು ಹಿಡಿದರೆ ಕಿಲೊಮೀಟರಿಗೆ ಸುಮಾರು 13 ಡಿಗ್ರಿ ಏರಿಕೆ. ನಿಮ್ಮ 1,250 ಅಡಿ ಎಂದರೆ 381 ಮೀಟರ್; ಅಲ್ಲಿಗೆ 5 ಡಿಗ್ರಿ ಸೇರುತ್ತದೆ. ಬೋರಿನ ತಳದ ನೀರು 31 ಡಿಗ್ರಿ ಇರುವುದು ಸಹಜ. ಡಿಸೆಂಬರಿನ ಬೆಳಗ್ಗೆ ಹೊರಗೆ 16 ಡಿಗ್ರಿ ಇರುವಾಗ 31ರ ನೀರು ಕೈಗೆ ಹಂಡೆಯ ನೀರಿನಂತೆಯೇ ಅನ್ನಿಸುತ್ತದೆ.

ಇದರ ಮೇಲೆ ಮೋಟಾರಿನ ಶಾಖ. ಸಬ್‌ಮರ್ಸಿಬಲ್ ಮೋಟಾರು ತಣ್ಣಗಾಗುವುದೇ ತನ್ನ ಮೈಸವರಿ ಹೋಗುವ ನೀರಿನಿಂದ. ಏಳೂವರೆ ಎಚ್‌ಪಿ ಮೋಟಾರು ಸೆಕೆಂಡಿಗೆ ಅರ್ಧ ಲೀಟರ್ ಮಾತ್ರ ಎತ್ತುತ್ತಿದ್ದರೆ, ಎತ್ತುವ ಕೆಲಸಕ್ಕೆ ಹೋಗಿ ಉಳಿದ ಸುಮಾರು 5 ಕಿಲೊವ್ಯಾಟ್ ಶಕ್ತಿ ಆ ನೀರನ್ನೇ 2ರಿಂದ 3 ಡಿಗ್ರಿ ಕಾಯಿಸುತ್ತದೆ. ಹೀಗೆ 33, 34 ಆಗುತ್ತದೆ. ಪರೀಕ್ಷಿಸುವುದು ಸುಲಭ. ಟ್ಯಾಂಕಿನ ನಲ್ಲಿಯಲ್ಲಿ ಅಳೆಯಬೇಡಿ, ಬೋರಿನ ಬಾಯಿಯ ಪೈಪನ್ನೇ ಬಕೆಟ್ಟಿಗೆ ಬಿಡಿ. ಬಕೆಟ್ ತುಂಬಿ ಹರಿಯುತ್ತಿರಲಿ. ಅರ್ಧ ಗಂಟೆ ಓಡಿಸಿ, ಐದು ನಿಮಿಷಕ್ಕೊಮ್ಮೆ ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಅದ್ದಿ ಬರೆದುಕೊಳ್ಳಿ. ಏರಿ ಒಂದು ಕಡೆ ನಿಂತರೆ ಅದು ಆಳದ ಶಾಖ ಮತ್ತು ಮೋಟಾರಿನ ಶಾಖ ಕೂಡಿದ ಅಂಕಿ. ನಿಲ್ಲದೆ ಏರುತ್ತಲೇ ಹೋದರೆ, ಧಾರೆಯೂ ಸಣ್ಣಗಾದರೆ, ಬೋರಿನ ನೀರು ತೀರುತ್ತಿದೆ ಎಂದು ತಿಳಿದು ಕೂಡಲೇ ಸ್ವಿಚ್ ಆರಿಸಿ. ಮೋಟಾರಿನೊಳಗಿನ ತಂತಿಸುರುಳಿ (ವೈಂಡಿಂಗ್) ಸುಡುವುದು ಹೀಗೆಯೇ.

ಈಗ ವಾಸನೆ. ಅದು ಹೈಡ್ರೊಜನ್ ಸಲ್ಫೈಡ್ ಅನಿಲ. ಎಲ್ಲಿ ಹುಟ್ಟುತ್ತಿದೆ ಎಂದು ಮೊದಲು ಪತ್ತೆ ಮಾಡಿ. ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಬಚ್ಚಲಿನಿಂದ ದೂರ, ಬಯಲಿಗೆ ಹೋಗಿ ಮೂಸಿ. ಅಲ್ಲಿ ವಾಸನೆ ಇಲ್ಲದಿದ್ದರೆ ತಪ್ಪು ಮೋರಿಯದು. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಬಂದರೆ ತಪ್ಪು ಗೀಸರಿನದು: ಟ್ಯಾಂಕು ತುಕ್ಕು ಹಿಡಿಯದಿರಲಿ ಎಂದು ಒಳಗಿಟ್ಟ ಮೆಗ್ನೀಸಿಯಂ ಆನೋಡ್ ಕರಗುವಾಗ ಹೈಡ್ರೊಜನ್ ಬಿಡುತ್ತದೆ, ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾಗಳಿಗೆ ಅದು ಊಟ, ಈ ವಾಸನೆಯ ಅನಿಲ ಅವು ಹೊರಬಿಡುವುದೇ. ಗೀಸರನ್ನು 60 ಡಿಗ್ರಿಗಿಂತ ಮೇಲಿಟ್ಟು ಕೆಲವು ಗಂಟೆ ಬಿಟ್ಟು, ನೀರನ್ನು ಪೂರ್ತಿ ಹರಿಸಿಬಿಡಿ. ಮತ್ತೆ ಬಂದರೆ ಅಲ್ಯೂಮಿನಿಯಂ-ಸತುವಿನ ಆನೋಡ್ ಹಾಕಿಸಿ. ಆನೋಡನ್ನೇ ತೆಗೆದುಹಾಕುವವರಿದ್ದಾರೆ, ಹಾಗೆ ಮಾಡಿದರೆ ವಾಸನೆ ಹೋಗುತ್ತದೆ, ಸ್ವಲ್ಪ ಕಾಲದಲ್ಲೇ ಟ್ಯಾಂಕೂ ತೂತಾಗುತ್ತದೆ.

ಬೋರಿನ ಬಾಯಲ್ಲೇ ವಾಸನೆ ಇದ್ದರೆ, ಬೇರೆ ಯಾವುದಕ್ಕೂ ಮೊದಲು ಇ. ಕೊಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿ. ನೈಟ್ರೇಟಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಮ್ಮ ಊರಿನಲ್ಲಿ ಕಕ್ಕಸಿನ ಪಿಟ್ಟಿನ ನೀರೋ ಒಡೆದ ಒಳಚರಂಡಿಯೋ ಬೋರಿನ ಮೇಲ್ಭಾಗದ ಕೊಳವೆಯ (ಕೇಸಿಂಗ್) ಪಕ್ಕದಿಂದ ಜಿನುಗಿ ಬೋರಿಗೆ ಸೇರುವುದು ಅಪರೂಪವಲ್ಲ. ಅದು ಇಲ್ಲ ಎಂದು ಖಾತ್ರಿಯಾದ ಮೇಲೆ ಬೋರಿಗೆ ಕ್ಲೋರಿನ್ ಕೊಡಬಹುದು.

ಲೆಕ್ಕ ಹೀಗೆ. ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಹೆಚ್ಚುಕಡಿಮೆ ಆರೂವರೆ ಲೀಟರ್ ನೀರು ಹಿಡಿಯುತ್ತದೆ, ನೆನಪಿಡಲು ಸುಲಭ. ನಿಂತ ನೀರಿನ ಎತ್ತರ 300 ಅಡಿ ಇದ್ದರೆ 1,950 ಲೀಟರ್. ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 195 ಗ್ರಾಂ. 30 ಪರ್ಸೆಂಟಿನ ಬ್ಲೀಚಿಂಗ್ ಪೌಡರ್ ಆದರೆ 650 ಗ್ರಾಂ. ಪ್ಯಾಕೆಟ್ ಹೊಸದಾಗಿರಲಿ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಸುಣ್ಣ ಉಳಿದಿರುತ್ತದೆ, ಕ್ಲೋರಿನ್ ಹಾರಿಹೋಗಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಗೆ ಪುಡಿ ಹಾಕಿ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬೋರಿಗೆ ಸುರಿಯಿರಿ. ತಳದ ಸುಣ್ಣ ಹೋದರೆ ಬಿರುಕುಗಳನ್ನು ಮುಚ್ಚುತ್ತದೆ. ಪೈಪಿನಿಂದ ಬೋರಿನ ನೀರನ್ನೇ ಮತ್ತೆ ಬೋರಿಗೆ ಒಂದು ಗಂಟೆ ಸುತ್ತಿಸಿ. ಆಮೇಲೆ ಮನೆಯ ಒಂದೊಂದೇ ನಲ್ಲಿ ತಿರುಗಿಸಿ, ಕ್ಲೋರಿನ್ ವಾಸನೆ ಬಂದ ಕೂಡಲೇ ಮುಚ್ಚಿ, 12 ಗಂಟೆ ಹಾಗೇ ಬಿಡಿ. ಆರ್‌ಒ ಮೆಷಿನ್ನಿನ ಕವಾಟವನ್ನು ಮುಂಚೆಯೇ ಮುಚ್ಚಿರಬೇಕು, ಅದರ ಪೊರೆ ಕ್ಲೋರಿನ್ ತಾಳುವುದಿಲ್ಲ. ಕೊನೆಗೆ ವಾಸನೆ ಹೋಗುವವರೆಗೆ ನೀರನ್ನು ಹೊರಗೆ ಬಿಡಿ, ಗಿಡಗಳಿಗೂ ಬೇಡ, ಅಪಾರ್ಟ್‌ಮೆಂಟಿನ ಎಸ್‌ಟಿಪಿಗೂ (ಕೊಳಚೆ ನೀರು ಶುದ್ಧಿ ಮಾಡುವ ಘಟಕ) ಬೇಡ. ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಯಾವತ್ತೂ ಸೇರಬಾರದು, ವಿಷಾನಿಲ ಬರುತ್ತದೆ.

ಕೆಲವೇ ವಾರಗಳಲ್ಲಿ ವಾಸನೆ ಮರಳಿದರೆ ಅದು ಬಿರುಕುಗಳ ಒಳಗಿಂದಲೇ ಬರುತ್ತಿದೆ. ಆಗ ಸಂಪಿಗೆ ಬೀಳುವ ನೀರನ್ನು ಶವರಿನಂತೆ ಹನಿಹನಿಯಾಗಿ ಒಡೆದು ಬೀಳಿಸಿ, ಸಂಪಿನ ಮುಚ್ಚಳಕ್ಕೆ ಜಾಲರಿ ಹಾಕಿದ ಗಾಳಿಕೊಳವೆ ಇಡಿಸಿ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7ಕ್ಕಿಂತ ಕೆಳಗಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 8ರ ಮೇಲಿದ್ದರೆ ಸಲ್ಫೈಡಿನ ಬಹುಪಾಲು ಅನಿಲವಾಗಿರದೆ ಕರಗಿದ ಅಯಾನಾಗಿ (ವಿದ್ಯುದಂಶ ಹೊತ್ತ ಕಣ) ಕೂತಿರುತ್ತದೆ. ಗಾಳಿಗೆ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಪ್ರಶ್ನೆ: ಮನಾಲಿ ಹತ್ತಿರದ ವಸಿಷ್ಠದ ಬುಗ್ಗೆಯಿಂದ ಎರಡು ಲೀಟರ್ ಬಾಟಲಿಯಲ್ಲಿ ನೀರು ತಂದೆವು. ತುಂಬಿದಾಗ ತಿಳಿಯಾಗಿತ್ತು. ಬೆಂಗಳೂರು ತಲುಪುವ ಹೊತ್ತಿಗೆ ವಾಸನೆ ಹೋಗಿ, ತಳದಲ್ಲಿ ಬಿಳಿ ಕೂತಿದೆ. ನೀರು ಕೆಟ್ಟಿತೇ? (ಓದುಗರು, ರಾಜಾಜಿನಗರ)

ಕೆಟ್ಟಿಲ್ಲ, ಬದಲಾಗಿದೆ. ನೆಲದೊಳಗಿನ ಒತ್ತಡದಲ್ಲಿ ಕರಗಿದ್ದ ಅನಿಲಗಳು ಹೊರಗೆ ಬಂದ ಕೂಡಲೇ ಹಾರಲು ಶುರುಮಾಡುತ್ತವೆ. ಇಂಗಾಲದ ಡೈಆಕ್ಸೈಡ್ ಹೋದಾಗ ಪಿಎಚ್ ಏರುತ್ತದೆ, ಕರಗಿದ್ದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಸೇರುತ್ತದೆ. ಹೈಡ್ರೊಜನ್ ಸಲ್ಫೈಡ್ ಸ್ವಲ್ಪ ಹಾರುತ್ತದೆ, ಉಳಿದದ್ದು ಬಾಟಲಿಯೊಳಗಿನ ಆಮ್ಲಜನಕ ಸೇರಿ ಸಣ್ಣ ಗಂಧಕದ ಕಣವಾಗುತ್ತದೆ. ಅದರಿಂದ ನೀರು ಹಾಲಿನ ಕಲಗಚ್ಚಿನಂತೆ ಮಂಕಾಗುತ್ತದೆ. ಇನ್ನೂ ಒಂದಿದೆ, ಸಿಲಿಕಾ. ಬಹಳ ಬಿಸಿಯಾದ ನೀರು ತಣ್ಣಗಾದಾಗ ಅದೂ ಲೋಳೆಯಂತೆ ಬೇರ್ಪಡಬಹುದು.

ನಿಮ್ಮ ಬಿಳಿ ಯಾವುದೆಂದು ಮನೆಯಲ್ಲೇ ನೋಡಬಹುದು. ಮೇಲಿನ ನೀರು ಬಸಿದು, ಗಸಿಯನ್ನು ಒಂದು ಚಮಚದಲ್ಲಿ ತೆಗೆದು ನಿಂಬೆರಸ ಅಥವಾ ವಿನಿಗರ್ ಹಾಕಿ. ನೊರೆಯೆದ್ದು ಕರಗಿದರೆ ಸುಣ್ಣ. ಕರಗದೆ ಉಳಿದದ್ದನ್ನು ಒಣಗಿಸಿ, ಕಿಟಕಿ ತೆರೆದು, ಚಿಟಿಕೆಯಷ್ಟನ್ನು ಕೆಂಡದ ಮೇಲೆ ಹಾಕಿದಾಗ ಬೆಂಕಿಕಡ್ಡಿ ಗೀರಿದ ಘಾಟು ಬಂದರೆ ಗಂಧಕ. ಎರಡೂ ಅಲ್ಲದಿದ್ದರೆ ಸಿಲಿಕಾ ಇಲ್ಲವೇ ಬರಿಯ ಮಣ್ಣು.

ದೇವರ ಮನೆಯಲ್ಲಿ ಇಟ್ಟುಕೊಳ್ಳಿ. ತೀರ್ಥವೆಂದು ಒಂದು ಉದ್ಧರಣೆಯಷ್ಟು ನೀರಿನಲ್ಲಿ ಖನಿಜದ ಚಿಂತೆ ಇಲ್ಲ. ಚಿಂತೆ ಇರುವುದು ಸ್ನಾನದ ಕೊಳದಿಂದ ಹಿಡಿದ ನೀರಾದರೆ ಅದರೊಳಗಿನ ಸೂಕ್ಷ್ಮಜೀವಿಗಳದ್ದು. ಕುದಿಸಿ ಆರಿಸಿ ಬಳಸಿ.

ಪ್ರಶ್ನೆ: ಗಂಧಕದ ಬುಗ್ಗೆಯಲ್ಲಿ ಮಿಂದ ಮೇಲೆ ಬೆಳ್ಳಿ ಕಾಲುಂಗುರ, ಗೆಜ್ಜೆ ಕಪ್ಪಾದವು. ಬೆಳ್ಳಿ ಹಾಳಾಯಿತೇ? (ಓದುಗರು, ಜಯನಗರ)

ಮೇಲೆ ಕೂತಿರುವುದು ಸಿಲ್ವರ್ ಸಲ್ಫೈಡಿನ ತೆಳು ಪದರ. ಉಜ್ಜಿ ತೆಗೆದರೆ ಬೆಳ್ಳಿಯೂ ಸವೆಯುತ್ತದೆ. ಅದನ್ನು ಮತ್ತೆ ಬೆಳ್ಳಿಯಾಗಿಸುವ ದಾರಿ ಇದೆ. ಪಿಂಗಾಣಿ ಅಥವಾ ಗಾಜಿನ ಬಟ್ಟಲಿನ ತಳಕ್ಕೆ ಅಡುಗೆಯ ಅಲ್ಯೂಮಿನಿಯಂ ಫಾಯಿಲ್ ಹೊಳೆಯುವ ಮೈ ಮೇಲಾಗಿ ಹಾಸಿ. ಗೆಜ್ಜೆ ಫಾಯಿಲಿಗೆ ತಗುಲಿರುವಂತೆ ಇಡಿ, ತಗುಲದಿದ್ದರೆ ಕೆಲಸ ಆಗದು. ಒಂದು ಲೀಟರ್ ಕುದಿನೀರಿಗೆ ಮೂರು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಸುರಿಯಿರಿ. ಐದು ನಿಮಿಷದಲ್ಲಿ ಕಪ್ಪು ಫಾಯಿಲಿಗೆ ಇಳಿಯುತ್ತದೆ, ಮೊಟ್ಟೆಯ ವಾಸನೆ ಬರುತ್ತದೆ, ಕಿಟಕಿ ತೆರೆದಿರಲಿ. ಮುತ್ತು, ಹವಳ, ಅಂಟಿಸಿದ ಕಲ್ಲು ಇರುವ ಒಡವೆಗೂ, ಬೇಕೆಂದೇ ಕಪ್ಪು ಬಣ್ಣ ಕೊಟ್ಟ ಆಕ್ಸಿಡೈಸ್ಡ್ ಬೆಳ್ಳಿಗೂ ಇದನ್ನು ಮಾಡಬೇಡಿ. ಅಪ್ಪಟ ಚಿನ್ನ ಕಪ್ಪಾಗುವುದಿಲ್ಲ, ತಾಮ್ರ ಬೆರೆತ ಕಡಿಮೆ ಕ್ಯಾರೆಟ್ಟಿನದು ಮಂಕಾಗಬಹುದು.

ಪ್ರಶ್ನೆ: ಒಂದು ಬುಗ್ಗೆಯ ನೀರಿನ ಲ್ಯಾಬ್ ವರದಿ ಸಿಕ್ಕಿದೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಸೋಡಿಯಂ 120, ಪೊಟ್ಯಾಸಿಯಂ 4, ಕ್ಯಾಲ್ಸಿಯಂ 6, ಮೆಗ್ನೀಸಿಯಂ 1, ಬೈಕಾರ್ಬೊನೇಟ್ 152, ಕ್ಲೋರೈಡ್ 60, ಸಲ್ಫೇಟ್ 50, ಫ್ಲೋರೈಡ್ 4.2, ಸಿಲಿಕಾ 60, ಪಿಎಚ್ 8.6, ಶಾಖ 41 ಡಿಗ್ರಿ. ಮಂಡಿನೋವಿಗೆ ನಮ್ಮ ತಂದೆ ದಿನಕ್ಕೊಂದು ಲೀಟರ್ ಕುಡಿಯಲು ಕ್ಯಾನ್‌ನಲ್ಲಿ ತರಿಸುತ್ತಿದ್ದಾರೆ. ಸರಿಯೇ? (ಓದುಗರು, ವಿದ್ಯಾರಣ್ಯಪುರ)

ದಯವಿಟ್ಟು ಇವತ್ತೇ ನಿಲ್ಲಿಸಿ. ಕಾರಣವನ್ನು ಬಿಡಿಸಿ ಹೇಳುತ್ತೇವೆ, ತಂದೆಯವರಿಗೆ ಓದಿ ಹೇಳಿ.

ಮೊದಲು ವರದಿ ನಂಬಲರ್ಹವೇ ಎಂದು ನೋಡೋಣ. ನೀರಿನಲ್ಲಿ ಧನ ವಿದ್ಯುದಂಶವೂ ಋಣ ವಿದ್ಯುದಂಶವೂ ಸಮ ಇರಲೇಬೇಕು. ಪ್ರತಿ ಅಂಕಿಯನ್ನೂ ಅದರ ತುಲ್ಯಾಂಕ ತೂಕದಿಂದ (ಅಯಾನಿನ ತೂಕವನ್ನು ಅದರ ವಿದ್ಯುದಂಶದಿಂದ ಭಾಗಿಸಿದ ಅಂಕಿ) ಭಾಗಿಸಿ: ಸೋಡಿಯಂ 23, ಪೊಟ್ಯಾಸಿಯಂ 39.1, ಕ್ಯಾಲ್ಸಿಯಂ 20, ಮೆಗ್ನೀಸಿಯಂ 12.15, ಕೂಡಿದರೆ 5.70. ಆಚೆ ಬೈಕಾರ್ಬೊನೇಟ್ 61, ಕ್ಲೋರೈಡ್ 35.5, ಸಲ್ಫೇಟ್ 48, ಫ್ಲೋರೈಡ್ 19, ಕೂಡಿದರೆ 5.44. ವ್ಯತ್ಯಾಸ 0.26, ಎರಡರ ಮೊತ್ತ 11.14. ಅಂದರೆ 2.3 ಪರ್ಸೆಂಟ್. ಐದರೊಳಗಿದ್ದರೆ ವರದಿ ಒಪ್ಪಬಹುದು. ಹತ್ತು ದಾಟಿದರೆ ಏನೋ ಅಳತೆ ತಪ್ಪಿದೆ ಎಂದು ಲ್ಯಾಬಿಗೆ ವಾಪಸು ಕೊಡಿ.

ಈಗ ಫ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರು ಇಲ್ಲದೇ ಹೋದಲ್ಲಿ 1.5ರವರೆಗೆ. ನಿಮ್ಮದು 4.2. ಇಷ್ಟು ಫ್ಲೋರೈಡ್ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಎಲುಬಿನಲ್ಲಿ ಶೇಖರವಾಗಿ ಕೀಲು ಬಿಗಿಯುತ್ತದೆ, ಬೆನ್ನು ಬಗ್ಗದಾಗುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಲ್ಲಿನ ಮೇಲಿನ ಕಂದು ಕಲೆ ಅಲ್ಲಿ ಮನೆಮನೆಯ ಗುರುತು. ಮಂಡಿನೋವು ಹೋಗಲೆಂದು ಕುಡಿದ ನೀರೇ ಮಂಡಿಯನ್ನು ಬಿಗಿಸಬಲ್ಲದು, ಆರಂಭದ ನೋವು ವಯಸ್ಸಿನ ನೋವಿನಂತೆಯೇ ಇರುವುದರಿಂದ ಗೊತ್ತೂ ಆಗುವುದಿಲ್ಲ.

ಬಿಸಿ ಬುಗ್ಗೆಯಲ್ಲಿ ಫ್ಲೋರೈಡ್ ಯಾಕೆ ಹೆಚ್ಚು? ಗ್ರಾನೈಟಿನ ಕಪ್ಪು ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಇದೆ, ಬಿಸಿನೀರು ಅದನ್ನು ಬೇಗ ಬಿಡಿಸುತ್ತದೆ. ಬಿಡಿಸಿದ್ದನ್ನು ಹಿಡಿದು ಕೂರಿಸಬಲ್ಲದ್ದು ಕ್ಯಾಲ್ಸಿಯಂ. ಎರಡೂ ಸೇರಿದರೆ ಫ್ಲೋರೈಟ್ ಆಗಿ ತಳ ಸೇರುತ್ತದೆ. ಸ್ಥೂಲ ಲೆಕ್ಕದಲ್ಲಿ ಕ್ಯಾಲ್ಸಿಯಂ 60 ಇದ್ದರೆ ಫ್ಲೋರೈಡ್ 3ರ ಆಸುಪಾಸಿನಲ್ಲೇ ನಿಲ್ಲುತ್ತದೆ, 6 ಇದ್ದರೆ 9ರವರೆಗೂ ಏರಬಹುದು. ಆಳದಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಮೊದಲೇ ಬೇರ್ಪಟ್ಟು ಸೋಡಿಯಂ ಉಳಿದ ನೀರು ನಿಮ್ಮದು. ಬಾಯಿಗೆ ಸಿಹಿ, ಸೋಪಿಗೆ ನೊರೆ, ಟಿಡಿಎಸ್ (ಕರಗಿರುವ ಒಟ್ಟು ಲವಣಗಳ ಅಳತೆ) 400ರ ಒಳಗೆ. ಕೈಯಲ್ಲಿ ಹಿಡಿದ ಟಿಡಿಎಸ್ ಮೀಟರು ಇದನ್ನು ‘ಒಳ್ಳೆಯ ನೀರು’ ಎಂದೇ ತೋರಿಸುತ್ತದೆ. ನಮ್ಮ ಆಳದ ಬೋರುಗಳಲ್ಲೂ ಇದೇ ಕಥೆ. ಮೀಟರಿನ ಅಂಕಿ ಕಡಿಮೆ ಇದೆಯೆಂದು ಫ್ಲೋರೈಡ್ ಪರೀಕ್ಷೆ ಬಿಡಬೇಡಿ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಎರಡು ಲೀಟರನ್ನು ಒಂದಕ್ಕೆ ಬತ್ತಿಸಿದರೆ 4.2 ಇದ್ದದ್ದು 8.4 ಆಗುತ್ತದೆ. ಕ್ಯಾಂಡಲ್ ಫಿಲ್ಟರು, ಯುವಿ ದೀಪ ಎರಡೂ ಇದಕ್ಕೆ ನಿಷ್ಪ್ರಯೋಜಕ. ಆರ್‌ಒ ಅಥವಾ ಫ್ಲೋರೈಡನ್ನು ಹಿಡಿದಿಡುವ ಆಕ್ಟಿವೇಟೆಡ್ ಅಲ್ಯೂಮಿನಾ ಬೇಕು. ಮಂಡಿಗೆ ಆ ನೀರಿನಲ್ಲಿ ಕಾಲಿಟ್ಟು ಕೂರಲು ಅಡ್ಡಿಯಿಲ್ಲ. ಫ್ಲೋರೈಡ್ ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಒಳಹೋಗುವುದಿಲ್ಲ.

ವರದಿಯ ಇನ್ನೊಂದು ಅಂಕಿ ಆಸೆ ಹುಟ್ಟಿಸುವಂಥದ್ದು, ಸಿಲಿಕಾ 60. ನೀರು ಆಳದಲ್ಲಿ ಎಷ್ಟು ಬಿಸಿ ಇತ್ತು ಎಂಬುದನ್ನು ಇದರಿಂದ ಅಂದಾಜಿಸಬಹುದು, ಯಾಕೆಂದರೆ ಬಿಸಿ ಹೆಚ್ಚಿದಷ್ಟೂ ಸಿಲಿಕಾ ಹೆಚ್ಚು ಕರಗುತ್ತದೆ, ತಣ್ಣಗಾದ ಮೇಲೂ ಬೇಗ ಬಿಟ್ಟುಹೋಗುವುದಿಲ್ಲ. ಕ್ವಾರ್ಟ್ಸ್ ಸೂತ್ರ: 5.19ರಿಂದ ಸಿಲಿಕಾದ ಲಾಗ್ (10ರ ಆಧಾರದ್ದು) ಕಳೆಯಿರಿ, 1309ನ್ನು ಅದರಿಂದ ಭಾಗಿಸಿ, 273 ಕಳೆಯಿರಿ. 60ರ ಲಾಗ್ 1.778, ಉತ್ತರ 110 ಡಿಗ್ರಿ. ಕಡಿಮೆ ಶಾಖದ ಬುಗ್ಗೆಗಳಿಗೆ ಹೆಚ್ಚು ಒಪ್ಪುವ ಚಾಲ್ಸೆಡನಿ (ಸಿಲಿಕಾದ ಇನ್ನೊಂದು ರೂಪ) ಸೂತ್ರದಲ್ಲಿ 5.19ರ ಬದಲು 4.69, 1309ರ ಬದಲು 1032, ಉತ್ತರ 81. ಮೇಲೆ 41 ಡಿಗ್ರಿಯಲ್ಲಿ ಚಿಮ್ಮುವ ನೀರು ಕೆಳಗೆ 80ಕ್ಕೂ ಮೀರಿ ಬಿಸಿ ಇತ್ತು ಎಂದಾಯಿತು. ದಾರಿಯಲ್ಲಿ ತಣ್ಣೀರು ಬೆರೆತಿದ್ದರೆ ಸಿಲಿಕಾವೂ ತೆಳುವಾಗಿರುತ್ತದೆ, ಆಗ ನಿಜವಾದ ಶಾಖ ಇನ್ನೂ ಹೆಚ್ಚು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಬುಗ್ಗೆಯ ನೀರಿನ ಮಾದರಿ ತರಬೇಕು. ಹೇಗೆ ತುಂಬಬೇಕು? (ವಿದ್ಯಾರ್ಥಿನಿ, ಮಲ್ಲೇಶ್ವರ)

ಶಾಖ, ಪಿಎಚ್, ವಿದ್ಯುತ್ ವಾಹಕತೆ, ಸಾಧ್ಯವಾದರೆ ಬೈಕಾರ್ಬೊನೇಟ್: ಇವನ್ನು ಅಲ್ಲೇ, ನೀರು ಹೊರಬರುವ ಜಾಗದಲ್ಲೇ ಅಳೆಯಬೇಕು. ಬಸ್ಸಿನಲ್ಲಿ ಒಂದು ರಾತ್ರಿ ಕಳೆದ ಬಾಟಲಿಯ ಪಿಎಚ್ ಬುಗ್ಗೆಯದಲ್ಲ. ಪಿಎಚ್ ಮೀಟರನ್ನು ಅಲ್ಲಿಯೇ ಬಫರ್ ದ್ರಾವಣದಿಂದ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಪಡಿಸಿ, ಬಫರಿನ ಬಾಟಲಿಯನ್ನು ಬುಗ್ಗೆಯ ನೀರಿನಲ್ಲೇ ಸ್ವಲ್ಪ ಹೊತ್ತು ಅದ್ದಿಟ್ಟರೆ ಎರಡರ ಶಾಖ ಸಮವಾಗುತ್ತದೆ.

ಪಾಲಿಥೀನ್ ಬಾಟಲಿ ಬಳಸಿ. ಗಾಜಿನಿಂದ ಸಿಲಿಕಾವೂ ಬೋರಾನೂ ನೀರಿಗೆ ಬಿಡುತ್ತವೆ. ಅದೇ ನೀರಿನಿಂದ ಮೂರು ಸಲ ತೊಳೆದು, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಎರಡು ಬಾಟಲಿ ತುಂಬಿ. ಕ್ಯಾಲ್ಸಿಯಂ, ಸೋಡಿಯಂ, ಕಬ್ಬಿಣ ಮೊದಲಾದ ಲೋಹಗಳಿಗಾಗಿ ಇಟ್ಟ ಬಾಟಲಿಗೆ ಶುದ್ಧ ನೈಟ್ರಿಕ್ ಆ್ಯಸಿಡ್ ಹನಿ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ, ಇಲ್ಲವಾದರೆ ಅವು ಬಾಟಲಿಯ ಗೋಡೆಗೆ ಅಂಟುತ್ತವೆ. ಕ್ಲೋರೈಡ್, ಸಲ್ಫೇಟ್, ಫ್ಲೋರೈಡಿನ ಬಾಟಲಿಗೆ ಏನೂ ಹಾಕಬೇಡಿ. ಸೋಸಿದ ನೀರನ್ನು ಬಾಯಿಯವರೆಗೆ ತುಂಬಿ, ಗಾಳಿಗುಳ್ಳೆ ಉಳಿಯದಂತೆ ಮುಚ್ಚಳ ಬಿಗಿಯಿರಿ. ಸಿಲಿಕಾಕ್ಕೆ ಇನ್ನೊಂದು ಸಣ್ಣ ಬಾಟಲಿ: 10 ಮಿಲಿಲೀಟರ್ ಬುಗ್ಗೆಯ ನೀರಿಗೆ 90 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್. ತೆಳುಮಾಡದಿದ್ದರೆ ತಣ್ಣಗಾದಾಗ ಸಿಲಿಕಾದ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಲ್ಯಾಬಿನ ಪರೀಕ್ಷೆಗೆ ಸಿಕ್ಕುವುದಿಲ್ಲ. ಸಲ್ಫೈಡ್ ಅಳೆಯಬೇಕಿದ್ದರೆ ಸತುವಿನ ಅಸಿಟೇಟ್ ಹಾಕಿ ಅಲ್ಲೇ ಹಿಡಿದಿಡಬೇಕು. ಲೇಬಲ್ ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಅಳಿಸುತ್ತದೆ.

ಪ್ರಶ್ನೆ: ಅಪ್ಪನಿಗೆ 72, ಅಮ್ಮನಿಗೆ 68. ಇಬ್ಬರಿಗೂ ಬಿಪಿ ಇದೆ. ಬುಗ್ಗೆಯ ಸ್ನಾನಕ್ಕೆ ಕರೆದುಕೊಂಡು ಹೋಗಬಹುದೇ? ಎಷ್ಟು ಹೊತ್ತು? (ಓದುಗರು, ಗಿರಿನಗರ)

ವೈದ್ಯರನ್ನು ಕೇಳಿ ಹೊರಡಿ, ಅದರಲ್ಲೂ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ. ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ದಿಢೀರನೆ ಎದ್ದಾಗ ತಲೆ ಸುತ್ತುತ್ತದೆ. ಮೆಟ್ಟಿಲು ಪಾಚಿಗಟ್ಟಿ ಜಾರುವ ಕಡೆ ಅದೇ ಅಪಾಯ.

ಥರ್ಮಾಮೀಟರ್ ಜೊತೆಗಿರಲಿ, ಕೈಯನ್ನು ನಂಬಬೇಡಿ. ಮಧುಮೇಹ ಇರುವವರ ಪಾದಕ್ಕಂತೂ ಬಿಸಿ ತಿಳಿಯದೇ ಹೋಗಬಹುದು. 38ರಿಂದ 40 ಡಿಗ್ರಿಯಾದರೆ ಹಿರಿಯರಿಗೆ 10 ನಿಮಿಷ, ಎದೆಮಟ್ಟಕ್ಕಿಂತ ಕೆಳಗೆ. ಮೊದಲು ಪಾದ, ಆಮೇಲೆ ಸೊಂಟದವರೆಗೆ. ಹೊರಬಂದು ಅಷ್ಟೇ ಹೊತ್ತು ಕೂತು ನೀರು ಕುಡಿದ ಮೇಲೆ ಬೇಕಿದ್ದರೆ ಇನ್ನೊಮ್ಮೆ. 42ರ ಮೇಲೆ ಅವರಿಗೆ ಬೇಡ. ಹಿಮಾಚಲದ ಮಣಿಕರಣದಂಥ ಕಡೆ ನೀರು ಅಕ್ಕಿ ಬೇಯುವಷ್ಟು ಬಿಸಿ; 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮವನ್ನು ಆಳಕ್ಕೆ ಸುಡುತ್ತದೆ, ತಣ್ಣೀರು ಬೆರೆಸಿದ ಕೊಳಕ್ಕೇ ಇಳಿಯಿರಿ. ಊಟವಾದ ಕೂಡಲೇ ಬೇಡ, ಒಬ್ಬರನ್ನೇ ಬಿಡುವುದೂ ಬೇಡ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು, ತೆರೆದ ಗಾಯ ಇರುವವರು ಇಳಿಯಬಾರದು.

ಎರಡು ಮಾತು ಎಲ್ಲರಿಗೂ. ಮೂಗಿಗೆ ನೀರು ಹೋಗಬಾರದು: ಮುಳುಗು ಹಾಕಬೇಡಿ, ಮಕ್ಕಳನ್ನು ಧುಮುಕಲು ಬಿಡಬೇಡಿ. ನಿಗ್ಲೇರಿಯಾ ಎಂಬ ಅಮೀಬಾ 46 ಡಿಗ್ರಿವರೆಗಿನ ಬೆಚ್ಚನೆಯ ಸಿಹಿನೀರಿನಲ್ಲಿ ಬದುಕುತ್ತದೆ, ಮೂಗಿನ ಮೂಲಕ ಮಿದುಳು ಸೇರಿದರೆ ಬದುಕುಳಿಯುವವರು ತೀರ ಕಡಿಮೆ. ಕಾಯಿಲೆ ಅಪರೂಪವೇ, ಆದರೆ ಪಕ್ಕದ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಮೀಬಾದ ಮಿದುಳಿನ ಸೋಂಕಿನಿಂದ ಮಕ್ಕಳೂ ಸತ್ತಿದ್ದಾರೆ. ತೀರ್ಥವನ್ನು ತಲೆಯ ಮೇಲೆ ಪ್ರೋಕ್ಷಿಸಿಕೊಂಡರೆ ಸಾಕು. ಎರಡನೆಯದು, ನಾಲ್ಕು ಗೋಡೆ ಕಟ್ಟಿ ಕಿಟಕಿ ಮುಚ್ಚಿದ ಗಂಧಕದ ಸ್ನಾನದ ಕೋಣೆ. ಹೈಡ್ರೊಜನ್ ಸಲ್ಫೈಡ್ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ಮೊದಲು ಜೋರಾಗಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತು ತಲೆನೋವು ಬಂದರೆ ಎಲ್ಲರನ್ನೂ ಹೊರಗೆ ಕರೆತನ್ನಿ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಗಂಧಕದ ಪುಡಿಯನ್ನು ಬಿಸಿನೀರಿಗೆ ಹಾಕಿ ಮಿಂದರೆ ಬುಗ್ಗೆಯ ಸ್ನಾನದಂತೆಯೇ? (ಓದುಗರು, ಕೆಂಗೇರಿ)

ಇಲ್ಲ. ಆ ಪುಡಿ ನೀರಿನಲ್ಲಿ ಕರಗುವುದೇ ಇಲ್ಲ, ಬಕೆಟ್ಟಿನ ತಳದಲ್ಲೋ ಮೇಲೋ ಕೂರುತ್ತದೆ, ಚರ್ಮ ಉರಿಸಬಹುದು. ನೋವಿಗೆ ಬುಗ್ಗೆಯಲ್ಲಿ ಹೆಚ್ಚಿನ ಕೆಲಸ ಮಾಡುವುದು ಬಿಸಿ ಮತ್ತು ಮೈಭಾರ ತಗ್ಗಿಸುವ ಆಳದ ನೀರು. ಮಂಡಿಯವರೆಗೆ ಬರುವ ಟಬ್ಬಿನಲ್ಲಿ 39 ಡಿಗ್ರಿಯ ಕಾವೇರಿ ನೀರೂ ಬಿಸಿಯ ಕೆಲಸವನ್ನು ಮಾಡುತ್ತದೆ.

ಪ್ರಶ್ನೆ: ನಮ್ಮ ಅಜ್ಜಿಯ ಊರಿನ ಬುಗ್ಗೆ ಈಗ ಬೇಸಿಗೆಯಲ್ಲಿ ಉಗುರುಬೆಚ್ಚಗೆ ಮಾತ್ರ ಇರುತ್ತದೆ, ಕೆಲವು ದಿನ ಹರಿಯುವುದೂ ಇಲ್ಲ. ನೆಲದ ಶಾಖ ತಗ್ಗಿತೇ? (ಓದುಗರು, ಪದ್ಮನಾಭನಗರ)

ನೆಲದ ಶಾಖ ಒಂದೆರಡು ತಲೆಮಾರಿನಲ್ಲಿ ತಗ್ಗುವುದಿಲ್ಲ. ತಗ್ಗಿರುವುದು ಒತ್ತಡ. ಬುಗ್ಗೆಯ ಬಾಯಿಗಿಂತ ಬಿರುಕಿನೊಳಗಿನ ನೀರಿನ ಮಟ್ಟ ಒಂದೆರಡು ಅಡಿ ಮೇಲಿದ್ದರೆ ಮಾತ್ರ ನೀರು ಹೊರಚೆಲ್ಲುತ್ತದೆ. ಸುತ್ತಲ ತೋಟಗಳ ಬೋರುಗಳು ಅದೇ ಬಿರುಕಿನಿಂದ ಹೀರಿದರೆ ಆ ಒಂದೆರಡು ಅಡಿ ಮೊದಲು ಹೋಗುತ್ತದೆ. ಆಮೇಲೆ ಮೇಲ್ಪದರದ ತಣ್ಣೀರು ಒಳನುಗ್ಗಿ ಬೆರೆಯುತ್ತದೆ, ಉಗುರುಬೆಚ್ಚಗಾಗುವುದು ಅದರಿಂದ. ಹರಿವು ಸಣ್ಣಗಾದಾಗ ಏರುವ ವೇಗವೂ ತಗ್ಗಿ ಶಾಖ ದಾರಿಯಲ್ಲೇ ಸೋರುತ್ತದೆ. ಕೊಳಕ್ಕೆ ಕಾಂಕ್ರೀಟ್ ಹಾಕಿ ಮಟ್ಟ ಏರಿಸುವುದು ಇನ್ನೊಂದು ತಪ್ಪು. ಒಂದಡಿ ಎತ್ತರಿಸಿದ ಕಟ್ಟೆ ಅಷ್ಟೇ ಒತ್ತಡವನ್ನು ಬುಗ್ಗೆಯ ಮೇಲೆ ಹೇರುತ್ತದೆ, ನೀರು ಬೇರೆ ದಾರಿ ಹುಡುಕಿಕೊಂಡು ಪಕ್ಕದ ಹೊಳೆಯ ತಳದಲ್ಲಿ ಹೊರಬೀಳಬಹುದು.

ಯಾವುದು ಕಾರಣ ಎಂದು ಹೇಳಲು ದಾಖಲೆ ಬೇಕು, ದಾಖಲೆಗೆ ಊರಿನಲ್ಲೊಬ್ಬರು ಬೇಕು. ತಿಂಗಳಿಗೊಮ್ಮೆ, ಒಂದೇ ತಾರೀಖು, ಸೂರ್ಯ ಹುಟ್ಟುವ ಮುನ್ನ: ನೀರು ಏಳುವ ಕಣ್ಣಿಗೇ ಥರ್ಮಾಮೀಟರ್ ಇಳಿಸಿ ಶಾಖ, ಹೊರಹರಿವಿಗೆ ಒಂದು ಪೈಪ್ ಇಟ್ಟು 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್, ಟಿಡಿಎಸ್ ಮೀಟರಿನ ಅಂಕಿ, ಹಿಂದಿನ ತಿಂಗಳ ಮಳೆ, ಹತ್ತಿರದ ತೆರೆದ ಬಾವಿಯ ನೀರಿನ ಮಟ್ಟ. ಶಾಖವೂ ಟಿಡಿಎಸ್ಸೂ ಜೊತೆಯಾಗಿ ಇಳಿದರೆ ತಣ್ಣೀರು ಬೆರೆಯುತ್ತಿದೆ. ಟಿಡಿಎಸ್ ಹಾಗೇ ಇದ್ದು ಶಾಖ ಮತ್ತು ಹರಿವು ಮಾತ್ರ ಇಳಿದರೆ ಒತ್ತಡ ಹೋಗಿದೆ. ಎರಡು ಬೇಸಿಗೆಯ ಅಂಕಿ ಒಂದು ನೋಟ್‌ಬುಕ್ಕಿನಲ್ಲಿದ್ದರೆ, ಹೊಸ ಬೋರ್ ಕೊರೆಯುವ ಮುನ್ನ ಪಂಚಾಯ್ತಿಯ ಮುಂದೆ ಇಡಲು ನಿಮ್ಮ ಕೈಯಲ್ಲಿ ಪುರಾವೆ ಇರುತ್ತದೆ. ನೋಟ್‌ಬುಕ್ಕಿನ ಒಂದು ನಕಲನ್ನು ಊರಿನ ಶಾಲೆಯಲ್ಲೂ ಇಡಿ.